ರೇಡಿಯೋದಲ್ಲಿ ಅತ್ತ ಮಗು

ಏಪ್ರಿಲ್ ೨೪

ಪ್ರೀತಿಯ ಅಕ್ಕಾ,

ನಿನ್ನ ದ್ವೀಪಕ್ಕೆ ಅಂಚೆ ಹಡಗು ಬರುವುದು ತಿಂಗಳಿಗೆ ಒಂದೇ ಸಲ ಅಂತ ಗೊತ್ತಿದ್ದೂ, ಅಂಚೆಯವನ ಸೈಕಲ್ ಕಂಡಾಗಲೆಲ್ಲ ಕಿಟಕಿಗೆ ಹೋಗಿ ನಿಲ್ಲುತ್ತೇನೆ. ನಿಲ್ಲುವುದು ಅಂದ ಮೇಲೆ ಮೋಡವನ್ನೂ ನೋಡುತ್ತೇನೆ. ನಿನಗೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ನಾನು ಪುಕ್ಕಟೆ ಮಾಡುತ್ತಿದ್ದೇನೆ ಅಂತ ನಿಮ್ಮ ಹವಾಮಾನದ ಕಚೇರಿಗೆ ಹೇಳಬೇಡ.

ಮಗು ಚೆನ್ನಾಗಿದೆ. ಹಾಲು ಕುಡಿಯುತ್ತಾಳೆ, ತೂಕ ಏರುತ್ತಿದೆ, ತಲೆತುಂಬ ಕೂದಲು. ಇವರು ಕೆಲಸದಿಂದ ಬಂದವರೇ ಕೈಯ ಗ್ರೀಸು ತೊಳೆದುಕೊಂಡು ಅವಳನ್ನು ಎತ್ತಿಕೊಳ್ಳುತ್ತಾರೆ. ಆವತ್ತು ಯಾವ ಕಟ್ಟಡದ ಲಿಫ್ಟು ಯಾವ ಮಹಡಿಯಲ್ಲಿ ಕೆಟ್ಟು ನಿಂತಿತ್ತು, ಒಳಗೆ ಯಾರು ಸಿಕ್ಕಿಕೊಂಡಿದ್ದರು ಅಂತ ವರದಿ ಒಪ್ಪಿಸುತ್ತಾರೆ. ಅವಳು ಮೇಲಧಿಕಾರಿಯ ಹಾಗೆ ಹುಬ್ಬು ಗಂಟಿಕ್ಕಿ ಕೇಳುತ್ತಾಳೆ. ಬೆಣ್ಣೆ ಅಂತ ಇವರು ಕರೆದದ್ದೇ ಈಗ ಎಲ್ಲರ ಬಾಯಲ್ಲೂ ನಿಂತಿದೆ.

ನಿನಗೆ ನಗು ಬರುವ ಸಂಗತಿ ಒಂದಿದೆ. ಹನ್ನೆರಡು ವರ್ಷದಿಂದ ರೇಡಿಯೋ ನಾಟಕಗಳಲ್ಲಿ ಮಗು ಅಳಬೇಕಾದಾಗಲೆಲ್ಲ ಅಳುವವಳು ನಾನು ತಾನೇ? ನಿಜವಾದ ಮಗುವನ್ನು ಸ್ಟುಡಿಯೋಗೆ ತಂದರೆ ಅದು ಅಳಬೇಕಾದಲ್ಲಿ ನಗುತ್ತದೆ, ಸುಮ್ಮನಿರಬೇಕಾದಲ್ಲಿ ಕಿರುಚುತ್ತದೆ. ಅದರಿಂದಲೇ ನನ್ನ ಹೊಟ್ಟೆಪಾಡು. ಮಡಚಿದ ಟವೆಲ್ಲಿಗೆ ಮುಖ ಒತ್ತಿ ಹಸಿವಿನ ಅಳು, ನಿದ್ದೆಯ ಅಳು, ಹೊಟ್ಟೆನೋವಿನ ಅಳು, ಕೇಳಿದ್ದನ್ನು ಕೊಡಬಲ್ಲೆ. ಹೆರಿಗೆ ಕೋಣೆಯಲ್ಲಿ ಇವಳು ಮೊದಲ ಸಲ ಅತ್ತಾಗ ಇವರ ಕಣ್ಣಲ್ಲಿ ನೀರು ಬಂತು, ನರ್ಸಮ್ಮನೂ ಕಣ್ಣೊರೆಸಿಕೊಂಡರು. ನನಗೆ ಮಾತ್ರ, ಉಸಿರನ್ನು ತಪ್ಪು ಜಾಗದಲ್ಲಿ ತೆಗೆದುಕೊಂಡಳಲ್ಲ, ನಮ್ಮ ನಾಟಕದ ಮೇಷ್ಟ್ರಾಗಿದ್ದರೆ ‘ಇನ್ನೊಂದು ಸಲ’ ಅನ್ನುತ್ತಿದ್ದರು ಅನ್ನಿಸಿತು.

ಈಗಲೂ ಹಾಗೇ ಅನ್ನಿಸುತ್ತಿರುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವಳು ಹೆಗ್ಗಣವೂ ಅಲ್ಲ, ಕಂಡವರೆಲ್ಲ ಕೆನ್ನೆ ಹಿಂಡುವಂಥ ಮಗು. ಸರಿಹೋಗುತ್ತದೆ ಬಿಡು. ನೀನು ಹೇಗಿದ್ದೀಯ, ಅದನ್ನು ಬರೆ.

ನಿನ್ನ,
ಪಿಟೀಲು


ಮೇ ೧೧

ಪಿಟೀಲು ಮಹಾರಾಣಿಯವರಿಗೆ,

ನಕ್ಕೆ. ಇಲ್ಲಿನ ಬಡಗಿಗೂ ಓದಿ ಹೇಳಿದೆ, ಅವನೂ ನಕ್ಕ. ಹುಟ್ಟಿದ ಗಳಿಗೆಯಲ್ಲೇ ಮಗಳ ಅಳುವಿನಲ್ಲಿ ತಪ್ಪು ಹುಡುಕಿದ ತಾಯಿ ನೀನೊಬ್ಬಳೇ ಇರಬೇಕು. ಇದೆಲ್ಲ ನಿದ್ದೆಯಿಲ್ಲದ್ದಕ್ಕೆ ಕಣೇ. ನಿದ್ದೆಗೆಟ್ಟವರಿಗೆ ಬೆಲ್ಲವೂ ಕಹಿ. ಮಗು ಮಲಗಿದಾಗ ನೀನೂ ಮಲಗು, ಪಾತ್ರೆ ಎಲ್ಲಿಗೂ ಓಡಿಹೋಗುವುದಿಲ್ಲ.

ಇಲ್ಲಿ ಈಗ ಮಂಜು. ಬೆಳಿಗ್ಗೆ ಹವೆ ಅಳೆಯುವ ಬಲೂನು ಬಿಟ್ಟರೆ ನನ್ನ ತಲೆಯಿಂದ ಎರಡಾಳು ಎತ್ತರಕ್ಕೆ ಹೋಗುವಷ್ಟರಲ್ಲಿ ಕಾಣದಾಗುತ್ತದೆ. ಆದರೂ ಕತ್ತೆತ್ತಿ ನಿಂತಿರುತ್ತೇನೆ. ಅದು ಹೋಗುತ್ತಿದೆ ಅಂತ ಕೈಯಲ್ಲಿನ ಯಂತ್ರ ಹೇಳುತ್ತದೆ, ಕಣ್ಣಿಗೆ ಬಿಳುಪು ಬಿಟ್ಟು ಬೇರೇನಿಲ್ಲ. ಹತ್ತಾರು ವರ್ಷ ಇದೇ ಕೆಲಸ ಮಾಡಿದರೂ ಆ ಹೊತ್ತು ನನಗೆ ನಾನು ಎದ್ದಿದ್ದೇನೋ ಮಲಗಿದ್ದೇನೋ ತಿಳಿಯುವುದಿಲ್ಲ.

ಬೆಣ್ಣೆಯ ಕಿವಿ ಯಾರ ಹಾಗಿದೆ? ಮುಷ್ಟಿ ಕಟ್ಟಿಕೊಂಡು ಮಲಗುತ್ತಾಳಾ, ಕೈ ಬಿಟ್ಟುಕೊಂಡಾ? ನೆತ್ತಿಯ ವಾಸನೆ ಹೇಗಿದೆ? ಹಾಲು ಕುಡಿಯುವಾಗ ಕಾಲ್ಬೆರಳು ಮಡಚುತ್ತಾಳಾ? ಸುಮ್ಮನೆ ಕೇಳಿದೆ. ಪುರುಸೊತ್ತಾದರೆ ಬರೆ.

ಅಕ್ಕ


ಜೂನ್ ೨೪

ಅಕ್ಕಾ,

ಹೋದ ಹಡಗಿಗೆ ಬರೆಯಲಿಲ್ಲ. ಬರೆಯಲು ಕೂತರೆ ಪೆನ್ನು ಕೈಯಲ್ಲೇ ಇರುತ್ತಿತ್ತು, ಮಧ್ಯಾಹ್ನ ಸಂಜೆಯಾಗಿಬಿಡುತ್ತಿತ್ತು. ಪರದೆ ಉಬ್ಬುತ್ತದೆ, ಇಳಿಯುತ್ತದೆ. ನಾನು ಯಾರದೋ ಮನೆಯಲ್ಲಿ ಯಾರದೋ ಮಗುವನ್ನು ನೋಡಿಕೊಳ್ಳುತ್ತಿದ್ದೇನೆ, ಇನ್ನೇನು ಆ ಮನೆಯವರು ಬಂದುಬಿಡುತ್ತಾರೆ, ಚಪ್ಪಲಿ ಮೆಟ್ಟಿಕೊಂಡು ನನ್ನ ಮನೆಗೆ ಹೋಗಬೇಕು ಅನ್ನಿಸುತ್ತಿರುತ್ತದೆ. ನನ್ನ ಮನೆ ಯಾವುದು ಅಂತ ಯೋಚಿಸಿದರೆ ಇದೇ.

ಹೌದು, ಮುಷ್ಟಿ ಕಟ್ಟಿಕೊಂಡೇ ಮಲಗುತ್ತಾಳೆ. ನೀನು ಕೇಳಿದ ಮೇಲೆ ಹೋಗಿ ನೋಡಿದೆ.

ನರ್ಸಮ್ಮ ವಾರಕ್ಕೊಮ್ಮೆ ತೂಕ ನೋಡಲು ಬರುತ್ತಾರೆ. ಅವರ ಎದುರು ನಾಟಕದ ತಾಯಿಯ ದನಿ ತೆಗೆದು ನನ್ನ ಬಂಗಾರಿ, ನನ್ನ ಕಂದ ಅನ್ನುತ್ತೇನೆ. ಎಲ್ಲ ತಾಯಂದಿರೂ ನಿಮ್ಮ ಹಾಗಿದ್ದರೆ ನಮಗೆ ಕೆಲಸವೇ ಇರುತ್ತಿರಲಿಲ್ಲ ಅಂತ ಅವರು ಮೆಚ್ಚಿಕೊಂಡರು. ಅವರು ಹೋಗಿ ಬಾಗಿಲು ಹಾಕಿದ ಮೇಲೆ ಮಗು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಅದಕ್ಕೆ ಎಲ್ಲ ಗೊತ್ತಿದೆ ಅಂತ ನನಗೆ ಭಯವಾಯಿತು.

ಈಗ ಹೇಳುವುದನ್ನು ಯಾರಿಗೂ ಓದಿ ಹೇಳಬೇಡ. ಮೊನ್ನೆ ಮಧ್ಯಾಹ್ನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಕಪಾಟಿನ ಮೇಲಿನ ರೇಡಿಯೋದಲ್ಲಿ ಏನೋ ನಾಟಕ ನಡೆಯುತ್ತಿತ್ತು, ನನಗೆ ಅದರ ಕಡೆ ಗಮನವಿರಲಿಲ್ಲ. ಇದ್ದಕ್ಕಿದ್ದಂತೆ ಮಗು ಅತ್ತಿತು. ಎದೆ ಹಿಂಡಿಹೋಯಿತು ಅಕ್ಕಾ. ಹಾಲು ಉಕ್ಕಿ ಬಟ್ಟೆ ಒದ್ದೆಯಾಯಿತು, ಸೋಪಿನ ಕೈಯಲ್ಲೇ ಓಡಿದೆ, ಬಾಗಿಲ ಚೌಕಟ್ಟಿಗೆ ಭುಜ ಬಡಿದದ್ದೂ ತಿಳಿಯಲಿಲ್ಲ. ತೊಟ್ಟಿಲಲ್ಲಿ ಅವಳು ಗಾಢ ನಿದ್ದೆಯಲ್ಲಿದ್ದಳು. ಅಳು ಅಡುಗೆಮನೆಯಿಂದಲೇ ಬರುತ್ತಿತ್ತು. ಹಳೆಯ ನಾಟಕವೊಂದನ್ನು ಮತ್ತೆ ಹಾಕಿದ್ದರು. ಅದು ನನ್ನದೇ ಅಳು, ಹಿಂದೆ ಯಾವತ್ತೋ ನಾನೇ ಟವೆಲ್ಲಿಗೆ ಅತ್ತದ್ದು.

ನೋಡಿದೆಯಾ? ನನ್ನ ದನಿಗೆ ನನ್ನ ಹಾಲು ಉಕ್ಕುತ್ತದೆ. ಅವಳು ಅತ್ತರೆ ನಾನು ಗಡಿಯಾರ ನೋಡಿ ಏಳುತ್ತೇನೆ.

ನಾನು ಅವಳಿಗೆ ಕೆಟ್ಟದ್ದು ಮಾಡುವುದಿಲ್ಲ, ಹೆದರಬೇಡ. ಸ್ನಾನ, ಹಾಲು, ಬಟ್ಟೆ ಯಾವುದೂ ತಪ್ಪಿಲ್ಲ. ಆದರೆ ತಾನು ಅಮ್ಮನಿಗೆ ಬೇಕಾಗಿಲ್ಲ ಅಂತ ಅವಳಿಗೆ ತಿಳಿಯುವ ಮೊದಲೇ ಬೇಕು ಅನ್ನುವವರ ಕೈ ಸೇರಿಬಿಡಬೇಕು. ಮಕ್ಕಳೆಂದರೆ ಜೀವ ಬಿಡುವವಳು ನೀನು. ಅವಳನ್ನು ನೀನು ಇಟ್ಟುಕೊಳ್ಳುತ್ತೀಯಾ? ಸ್ವಲ್ಪ ದಿನಕ್ಕೆ ಅಂತ ಕೇಳುತ್ತಿಲ್ಲ.

ಪಿಟೀಲು


ಜುಲೈ ೧೧

ಪಿಟೀಲು,

ಆಗಲಿ. ಇಟ್ಟುಕೊಳ್ಳುತ್ತೇನೆ.

ನನಗೇನೂ ತೊಂದರೆಯಿಲ್ಲ. ಹಾಗಂತ ಕುಣಿಯುತ್ತಲೂ ಇಲ್ಲ, ನೀನು ಕೇಳಿದೆ ಅಂತ ಒಪ್ಪಿದೆ. ಸಮುದ್ರ ಈಗ ಒರಟಾಗಿದೆ, ಎಳೆಗೂಸನ್ನು ಕರೆತರುವ ಕಾಲವಲ್ಲ. ಸೆಪ್ಟೆಂಬರ್ ಕೊನೆಗೆ ಅಲ್ಲಿಂದ ಹೊರಡುವ ಹಡಗು ಸರಿ. ನೀನೇ ಕರೆದುಕೊಂಡು ಬಾ, ಒಂದು ತಿಂಗಳಿದ್ದು ಅವಳು ಹೊಂದಿಕೊಂಡ ಮೇಲೆ ಹೋಗುವೆಯಂತೆ. ಉಣ್ಣೆಯ ಬಟ್ಟೆ ತರಬೇಕಾಗಿಲ್ಲ, ನಾನು ಹೆಣೆದಿದ್ದೇನೆ. ಹೆಣೆಯುತ್ತೇನೆ ಅಂತ ಬರೆಯಬೇಕಿತ್ತು.

ಬಡಗಿಗೆ ಒಂದು ಪೆಟ್ಟಿಗೆ ಬೇಕು ಅಂದರೆ ತೊಟ್ಟಿಲನ್ನೇ ಮಾಡಿಬಿಟ್ಟಿದ್ದಾನೆ, ಎರಡು ಬದಿಗೂ ಹಕ್ಕಿ ಕೆತ್ತಿ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು ಅಂತ ಬೈದೆ. ಅದನ್ನು ಕಿಟಕಿಯ ಕೆಳಗಿಟ್ಟೆ. ಗಾಳಿ ಬೀಸುತ್ತದೆ ಅಂತ ಒಳಗೋಡೆಗೆ ಸರಿಸಿದೆ. ಅಲ್ಲಿಂದ ಮೋಡ ಕಾಣುವುದಿಲ್ಲ ಅಂತ ಮತ್ತೆ ಕಿಟಕಿಗೆ ತಂದೆ.

ರೇಡಿಯೋ ವಿಷಯ ಓದಿದೆ. ಅದರ ಬಗ್ಗೆ ನನಗೆ ಹೇಳುವುದೇನೂ ಇಲ್ಲ.

ಮನಸ್ಸು ಬದಲಾದರೆ ಬೇಗ ತಿಳಿಸು.

ಅಕ್ಕ


ಆಗಸ್ಟ್ ೨೪

ಅಕ್ಕಾ,

ಮನಸ್ಸು ಬದಲಾಗಿಲ್ಲ.

ಇವರಿಗೆ ಹೇಳಿದೆ. ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಜೊತೆ ಮೊದಲು ಮಾತಾಡಬೇಕಂತೆ, ಬಾಗಿಲಿಗೆ ಕೈ ಹಾಕುವುದು ಆಮೇಲಂತೆ. ಏನೂ ಹೇಳದೆ ಬಾಗಿಲು ಮೀಟಿದರೆ ಒಳಗಿನವರು ಗಾಬರಿಬಿದ್ದು ಏನಾದರೂ ಮಾಡಿಕೊಳ್ಳುತ್ತಾರಂತೆ. ಅದೇ ದನಿಯಲ್ಲಿ ನನ್ನ ಹತ್ತಿರ ಮಾತಾಡಿದರು. “ನಾನು ಇಲ್ಲೇ ಇದೀನಿ. ಎಲ್ಲೂ ಹೋಗಲ್ಲ. ನಿಂಗೆ ಉಸಿರಾಡೋಕೆ ಏನು ಬೇಕೋ ಅದನ್ನ ಮಾಡೋಣ” ಅಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಬಹಳ ಹೊತ್ತು ಹೊರಗೆ ಬರಲಿಲ್ಲ.

ಅವಳ ಬಟ್ಟೆ ಮಡಿಸಿಟ್ಟಿದ್ದೇನೆ. ಎಷ್ಟು ಮಡಿಸಿದರೂ ಒಂದು ಚೀಲ ತುಂಬುವುದಿಲ್ಲ. ಈಗ ನಗುತ್ತಾಳೆ, ಗೋಡೆಯ ಮೇಲಿನ ಬಿಸಿಲಿಗೆ, ಇವರ ಮೀಸೆಗೆ, ನನಗೂ. ನಾನೂ ನಗುತ್ತೇನೆ. ಗಾಜಿನ ಆಚೆ ಯಾರೋ ಕೈ ಬೀಸಿದರೆ ನಾವೂ ಬೀಸುತ್ತೇವಲ್ಲ, ಅಷ್ಟು.

ಅಮ್ಮ ಹೋಗಿ ನಾಲ್ಕು ವರ್ಷವಾದದ್ದು ಒಳ್ಳೆಯದಾಯಿತು, ಇದನ್ನು ನೋಡಲು ಅವಳಿಲ್ಲ. “ನೀನು ಕೈಗೆ ಬಂದ ಗಳಿಗೆಯಿಂದ ನಿನ್ನನ್ನ ಕೆಳಗಿಳಿಸಿದವಳಲ್ಲ ಕಣೇ” ಅಂತ ಎಷ್ಟು ಸಲ ಹೇಳುತ್ತಿದ್ದಳು. ಅಂಥವಳ ಹೊಟ್ಟೆಯಲ್ಲಿ ನಾನು ಹೇಗೆ ಹುಟ್ಟಿದೆನೋ. ಮಗುವಿನ ಮೇಲೆ ಪ್ರೀತಿ ಬರುವುದಿದ್ದರೆ ಮೊದಲ ಗಳಿಗೆಯಲ್ಲೇ ಬರಬೇಕಿತ್ತು, ಅಮ್ಮನಿಗೆ ಬಂದ ಹಾಗೆ. ಬರಲಿಲ್ಲ. ಇನ್ನು ಬರುವುದೂ ಇಲ್ಲ.

ಮುಂದಿನ ತಿಂಗಳು ಹೊರಡುತ್ತೇವೆ.

ಪಿಟೀಲು


ಸೆಪ್ಟೆಂಬರ್ ೧೧

ಪಿಟೀಲು,

ಹಡಗು ದಡದಲ್ಲಿ ಸಾಮಾನು ಇಳಿಸುತ್ತಿದೆ. ನಿನ್ನ ಕಾಗದ ಈಗಷ್ಟೇ ಓದಿದೆ. ಇದನ್ನು ಹಡಗಿನ ಯಜಮಾನನ ಕೈಗೇ ಕೊಡುತ್ತೇನೆ. ನೀನು ಮಗುವನ್ನು ಎತ್ತಿಕೊಂಡು ಹತ್ತುವ ಮೊದಲು ನಿನಗೆ ಕೊಡಬೇಕು ಅಂತ ಹೇಳಿರುತ್ತೇನೆ. ನಿಂತುಕೊಂಡು ಓದಬೇಡ, ಎಲ್ಲಾದರೂ ಕೂತುಕೋ.

ಅಮ್ಮ ನಿನ್ನನ್ನು ಎತ್ತಿಕೊಳ್ಳುತ್ತಿರಲಿಲ್ಲ.

ನೀನು ಹುಟ್ಟಿದಾಗ ನನಗೆ ಹತ್ತು ವರ್ಷ. ಅಪ್ಪ ಊರೂರು ಸುತ್ತುವ ಕೆಲಸದಲ್ಲಿದ್ದ. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು. ಅಜ್ಜಿ ನಿನ್ನನ್ನು ಪಕ್ಕದಲ್ಲಿ ಮಲಗಿಸಿದರೆ ಹಾಲು ಕೊಡುತ್ತಿದ್ದಳು, ಮುಗಿದ ಮೇಲೆ ತಗೊಂಡು ಹೋಗಿ ಅನ್ನುತ್ತಿದ್ದಳು. ಸಿಟ್ಟಿನಿಂದಲ್ಲ. ನಮ್ಮ ಮನೆಯಲ್ಲಿ ಯಾರೋ ಮರೆತು ಹೋದ ಕೊಡೆಯನ್ನು ವಾಪಸು ಕೊಡುವ ಹಾಗೆ. ಅಜ್ಜಿಗೆ ಮನೆಗೆಲಸ, ಹಾಗಾಗಿ ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನು. ನೀನು ಹಗಲೆಲ್ಲ ರಾಗ ಎಳೆಯುತ್ತಿದ್ದೆ, ಪಿಟೀಲು ಅಂತ ನಾನು ಹೆಸರಿಟ್ಟದ್ದು ಆಗಲೇ. ಆರು ತಿಂಗಳು ಕಳೆದ ಮೇಲೆ ಒಂದು ದಿನ ಅಮ್ಮ ನಿನ್ನನ್ನು ಎತ್ತಿಕೊಂಡಳು. ವಿಶೇಷವೇನೂ ನಡೆದಿರಲಿಲ್ಲ. ಅಲ್ಲಿಂದಾಚೆಗೆ ಇಳಿಸಲಿಲ್ಲ, ಅದು ನಿಜ. ಹೇಳುತ್ತಾ ಹೇಳುತ್ತಾ ಮೊದಲಿನದು ಅವಳಿಗೇ ಮರೆತುಹೋಯಿತು. ಅವಳು ಸುಳ್ಳು ಹೇಳಿದಳು ಅಂತ ನಾನು ಅನ್ನಲಾರೆ.

ಇನ್ನೊಂದು ಮಾತು. ಆವತ್ತು ಅಳು ಕೇಳಿಸಿದಾಗ ನೀನು ಎಲ್ಲಿಗೆ ಓಡಿದೆ? ರೇಡಿಯೋ ನಿನ್ನ ತಲೆಯ ಮೇಲೇ ಇತ್ತು. ನೀನು ಓಡಿದ್ದು ತೊಟ್ಟಿಲಿಗೆ. ಅವಳೇ ಅಳುತ್ತಿದ್ದಾಳೆ ಅಂತ ನಂಬಿ ಓಡಿದೆ. ಹಾಲು ಉಕ್ಕಿದ್ದು ನಿನ್ನ ದನಿಗಲ್ಲ, ಪೆದ್ದಿ.

ನಿನ್ನ ಕಾಗದ ಓದಿದ ಗಳಿಗೆಯಲ್ಲೇ ನನಗೆ ಇದು ಹೊಳೆದಿತ್ತು. ಹೇಳಲಿಲ್ಲ. ಅಮ್ಮನ ವಿಷಯವನ್ನೂ ಹೇಳಲಿಲ್ಲ. ಹೇಳಿದರೆ ನೀನು ಅವಳನ್ನು ಕಳಿಸುವುದಿಲ್ಲ ಅಂತ ಗೊತ್ತಿತ್ತು, ನನಗೆ ಅವಳು ಬೇಕಾಗಿತ್ತು. ಈಗಲೂ ಬೇಕು. ಎಷ್ಟು ಬೇಕು ಅಂದರೆ, ಖಾಲಿ ತೊಟ್ಟಿಲನ್ನು ತೂಗಿ ಕಿರುಗುಟ್ಟುತ್ತದಾ ಅಂತ ನೋಡುತ್ತೇನೆ, ದಿನಾ ನೋಡುತ್ತೇನೆ. ಆದರೆ ಪ್ರೀತಿ ಇನ್ನು ಬರುವುದೇ ಇಲ್ಲ ಅಂತ ನೀನು ಬರೆದೆಯಲ್ಲ, ಅದನ್ನು ಓದಿಯೂ ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗಲಿಲ್ಲ.

ಇಷ್ಟು ಓದಿದ ಮೇಲೂ ಹತ್ತುವುದಾದರೆ ಹತ್ತು. ದಡದಲ್ಲಿ ನಿಂತಿರುತ್ತೇನೆ.

ಅಕ್ಕ


ಅಕ್ಟೋಬರ್ ೧೧

ಪಿಟೀಲು,

ಹಡಗು ಬಂತು. ಹಿಟ್ಟಿನ ಮೂಟೆ ಇಳಿಯಿತು, ಹೊಸ ಬಲೂನುಗಳ ಪೆಟ್ಟಿಗೆ ಇಳಿಯಿತು. ಕೈಯಲ್ಲಿ ಮಗು ಇದ್ದವರು ಎಲ್ಲರೂ ಇಳಿದ ಮೇಲೆ ಇಳಿಯುತ್ತಾರೆ ಅಂದುಕೊಂಡು, ಹಲಗೆ ತೆಗೆಯುವವರೆಗೂ ನಿಂತಿದ್ದೆ. ಕಾಗದವೂ ಇರಲಿಲ್ಲ.

ಒಳ್ಳೆಯದಾಯಿತು. ಒಳ್ಳೆಯದಾಯಿತು ಅಂತ ಬಡಗಿಗೂ ಹೇಳಿದೆ. ತೊಟ್ಟಿಲು ಬಿಚ್ಚಿಡಲೇ ಅಂತ ಅವನು ಕೇಳಿದ, ಬೇಡ ಅಂದೆ. ಹೊಸ ಬಲೂನುಗಳನ್ನು ಅದರಲ್ಲಿ ಮಲಗಿಸಿದ್ದೇನೆ. ಗಾಳಿ ತುಂಬುವ ಮೊದಲು ಅವು ಬಹಳ ಮೆತ್ತಗಿರುತ್ತವೆ.

ನನ್ನ ಮೇಲೆ ಸಿಟ್ಟಿದ್ದರೆ ಬೈದು ಬರೆ. ಬಾಯಿಗೆ ಬೀಗ ಹಾಕಿಕೊಂಡು ಕೂರಬೇಡ.

ಅಕ್ಕ


ಅಕ್ಟೋಬರ್ ೨೫

ಅಕ್ಕಾ,

ನಿನ್ನ ಚೀಟಿ ಇವತ್ತು ಸಿಕ್ಕಿತು. ಹೌದು, ಸಿಟ್ಟಿತ್ತು. ಹೋದ ಹಡಗಿಗೆ ಒಂದು ಸಾಲೂ ಕಳಿಸದೆ ಇದ್ದದ್ದು ಅದಕ್ಕೇ. ಅಮ್ಮನ ಮೇಲೆ ಸಿಟ್ಟು, ಸತ್ತವರನ್ನು ಬೈಯಲಾರದೆ ಅದೂ ನಿನ್ನ ಮೇಲೆ. ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತಾ?

ಬಂದರಿನಲ್ಲಿ ಹಗ್ಗದ ಸುರುಳಿಯ ಮೇಲೆ ಕೂತು ಓದಿದೆ. ಬೆಳಿಗ್ಗೆಯ ಮಂಜಿನಲ್ಲಿ ಹಡಗಿನ ಅರ್ಧ ಮಾತ್ರ ಕಾಣುತ್ತಿತ್ತು. ಇವರು ಬೆಣ್ಣೆಯನ್ನು ಎತ್ತಿಕೊಂಡು ಆಚೆ ನಿಂತು, ಕ್ರೇನು ಹೇಗೆ ಭಾರ ಎತ್ತುತ್ತದೆ ಅಂತ ಅವಳಿಗೆ ಪಾಠ ಹೇಳುತ್ತಿದ್ದರು, ನನ್ನ ಕಡೆ ನೋಡುತ್ತಿರಲಿಲ್ಲ. ಹಡಗಿನವರು ಕರೆದರು. ಮತ್ತೆ ಕರೆದರು. ನನಗೆ ಏಳಲಾಗಲಿಲ್ಲ. ಅಮ್ಮನೂ ಗೋಡೆ ನೋಡುತ್ತಾ ಮಲಗಿದ್ದಳು ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ನನ್ನನ್ನು ಅಷ್ಟು ಪ್ರೀತಿಸಿದವಳು ಅದೇ ಅಮ್ಮ. ಹಡಗು ಮಂಜಿನೊಳಗೆ ಹೋದ ಮೇಲೆ ಮನೆಗೆ ಹೋಗೋಣ ಅಂದೆ. ಇವರು ಚೀಲ ಎತ್ತಿಕೊಂಡರು.

ಮರುವಾರ ನರ್ಸಮ್ಮನಿಗೆ ನಿಜ ಹೇಳಿದೆ. ಅವರು ತಕ್ಕಡಿ ಕೆಳಗಿಟ್ಟು ಕೂತುಕೊಂಡರು. ಬಹಳ ಜನಕ್ಕೆ ಹೀಗಾಗುತ್ತದಂತೆ, ಬಾಯಿಬಿಡುವವರು ಕಡಿಮೆಯಂತೆ. ಡಾಕ್ಟರ ಹತ್ತಿರ ಕಳಿಸಿದ್ದಾರೆ, ಮಾತ್ರೆ ಇದೆ, ವಾರಕ್ಕೊಮ್ಮೆ ಹೋಗಿ ಮಾತಾಡಿ ಬರುತ್ತೇನೆ. ನಾಟಕದ ದನಿ ಬಿಟ್ಟೆ. ನೀನು ಯಾರೋ, ನಾನು ಯಾರೋ, ಇಬ್ಬರೂ ಒಂದೇ ಮನೆಗೆ ಬಂದು ಬಿದ್ದಿದ್ದೇವೆ, ಹೊಂದಿಕೊಂಡು ಹೋಗೋಣ ಅಂತ ನನ್ನ ದನಿಯಲ್ಲೇ ಅವಳಿಗೆ ಹೇಳಿದೆ. ಹುಬ್ಬು ಗಂಟಿಕ್ಕಿ ಕೇಳಿದಳು.

ಮೊನ್ನೆ ನರ್ಸಮ್ಮ ಅವಳನ್ನು ಎತ್ತಿ ಆಡಿಸುತ್ತಿದ್ದರು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಬೆನ್ನಿಗೆ ಇನ್ನೊಂದು ಕೈ ಕೊಡಬೇಕಿತ್ತು, ಅಷ್ಟು ಎತ್ತರ ಎತ್ತಬಾರದಿತ್ತು ಅನ್ನಿಸಿತು. ಕೊಡಿ ಇಲ್ಲಿ ಅಂದೆ, ಸ್ವಲ್ಪ ಒರಟಾಗಿಯೇ. ಅವರು ನಕ್ಕು ಕೊಟ್ಟರು. ಇದು ಪ್ರೀತಿ ಅಂತ ಹೇಳಲಾರೆ ಅಕ್ಕಾ, ನಿನಗೆ ಸುಳ್ಳು ಹೇಳುವುದಿಲ್ಲ. ಅವಳು ಇನ್ನೊಬ್ಬರ ಕೈಯಲ್ಲಿರುವುದು ಸರಿಯಿಲ್ಲ ಅನ್ನಿಸಿತು, ಅಷ್ಟೇ. ಹಾಗೆ ಅನ್ನಿಸಿದ್ದು ಅದೇ ಮೊದಲು.

ಬೈಯಬೇಕು ಅಂತಲೇ ಇದನ್ನು ಬರೆಯಲು ಕೂತೆ. ಆದರೆ ಒಂದು ಪ್ರಶ್ನೆ ಅಡ್ಡ ಬರುತ್ತಿದೆ. ಅಮ್ಮ ನನ್ನನ್ನು ಎತ್ತಿಕೊಂಡ ದಿನ ನಾನು ನಿನ್ನ ಸೊಂಟದ ಮೇಲೇ ಇದ್ದಿರಬೇಕಲ್ಲ? ನಿನಗೇನಾಯಿತು?

ಪಿಟೀಲು


ನವೆಂಬರ್ ೧೧

ಪಿಟೀಲು,

ಇದನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಹೌದು, ನನ್ನ ಸೊಂಟದ ಮೇಲಿದ್ದೆ. ಮಧ್ಯಾಹ್ನ. ಅಮ್ಮ ಎದ್ದು ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಕೊಡು ಇಲ್ಲಿ ಅಂದಳು. ಏನು ಅಂತ ಕೇಳಿದೆ. “ಅವಳನ್ನ” ಅಂದಳು. ಕೊಟ್ಟೆ. ಕೊಟ್ಟು ಬಾಗಿಲ ಹತ್ತಿರ ನಿಂತೆ. ಈಗ ಪಿಟೀಲು ಅಳುತ್ತಾಳೆ, ಅಮ್ಮನಿಗೆ ಸುಮ್ಮನಿರಿಸಲು ಬರುವುದಿಲ್ಲ, ನನ್ನನ್ನೇ ಕರೆಯುತ್ತಾಳೆ ಅಂತ ಕಾದೆ. ನೀನು ಅಳಲಿಲ್ಲ. ಹಗಲೆಲ್ಲ ರಾಗ ಎಳೆಯುವವಳು, ಆವತ್ತು ಚಕಾರ ಎತ್ತಲಿಲ್ಲ. ಅಮ್ಮನ ಕೂದಲು ಹಿಡಿದುಕೊಂಡು ನಿದ್ದೆಹೋದೆ. ಹೋಗಿ ಆಡಿಕೋ ಅಂತ ಅಜ್ಜಿ ನನ್ನನ್ನು ಹೊರಗೆ ಕಳಿಸಿದಳು. ಒಂದೇ ಕಡೆ ಭಾರ ಹೊತ್ತು ಅಭ್ಯಾಸವಾಗಿ ನಾನು ವಾಲಿಕೊಂಡು ನಡೆಯುತ್ತಿದ್ದೆ, ಹುಡುಗಿಯರು ನಕ್ಕರು.

ಆಗ ಬಹಳ ನೋವಾಯಿತು. ಅಮ್ಮ ಕಸಿದುಕೊಂಡಳು ಅಂತಲ್ಲ, ನೀನು ಅಳಲಿಲ್ಲ ಅಂತ.

ಮುಂದಿನ ಹಡಗಿಗೆ ನನ್ನ ಜಾಗಕ್ಕೆ ಬದಲಿಯವನು ಬರುತ್ತಾನೆ. ಅದರಲ್ಲೇ ಹೊರಟು ಬರುತ್ತೇನೆ, ರಜೆ ಬರೆದು ಕೊಟ್ಟಾಯಿತು. ಮಗುವನ್ನು ಕರೆದುಕೊಂಡು ಹೋಗಲಿಕ್ಕಲ್ಲ, ಹೆದರಬೇಡ. ಅಡುಗೆ ಮಾಡಿ ಹಾಕುತ್ತೇನೆ, ನೀನು ಮಲಗು.

ನಾನು ಬರುವ ಹೊತ್ತಿಗೆ ಬೆಣ್ಣೆಗೆ ನಮ್ಮವರು ಯಾರು, ಪರಕೀಯರು ಯಾರು ಅಂತ ಗುರುತು ಹತ್ತಿರುತ್ತದೆ. ಬಾಗಿಲಲ್ಲೇ ಅವಳನ್ನು ನನ್ನ ಕೈಗೆ ಕೊಡು. ಕಂಡು ಕೇಳಿರದ ದೊಡ್ಡಮ್ಮ, ಮೈಯೆಲ್ಲ ಉಪ್ಪುಗಾಳಿಯ ವಾಸನೆ. ತುಟಿ ಉಬ್ಬಿಸುತ್ತಾಳೆ. ಕತ್ತು ತಿರುಗಿಸಿ ನಿನ್ನನ್ನು ಹುಡುಕುತ್ತಾಳೆ. ನಿನ್ನ ಕಡೆಗೆ ಎರಡೂ ಕೈ ಚಾಚಿ ಅಳುತ್ತಾಳೆ. ನೀನು ತಕ್ಷಣ ಬಂದು ಕಿತ್ತುಕೊಳ್ಳಬೇಡ. ಒಂದು ಗಳಿಗೆ ತಡೆ, ಅದನ್ನು ನಾನು ಕೇಳಬೇಕು.

ಆಮೇಲೆ ಕೊಟ್ಟುಬಿಡುತ್ತೇನೆ.

ಅಕ್ಕ